ನೆರೆಮನೆಯ ನಳದ ಸದ್ದು

ಗೋಡೆಯಾಚೆಯ ಸದ್ದಿಗೆ ಕಿವಿಗೊಡುವುದು ಸಭ್ಯರಿಗೆ ತಕ್ಕುದಲ್ಲವೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಕಣ್ಣಿಗಿರುವಂತೆ ಕಿವಿಗೆ ರೆಪ್ಪೆಯಿಲ್ಲ. ರೋಣ ಸೀಮೆಯ ಯಾವಗಲ್ಲಿನಂತಹ ಊರಿನಲ್ಲಿ, ಎರಡು ಸಂಸಾರಗಳ ನಡುವೆ ಒಂದೇ ಗೋಡೆಯಿರುವಲ್ಲಿ, ನಡುರಾತ್ರಿ ನೆರೆಯವರ ನಳವು ಮೊದಲು ಸೀಟಿ ಹಾಕಿ, ಆಮೇಲೆ ಗೊರಗೊರನೆ ಕೆಮ್ಮಿ, ಕಡೆಗೆ ಧಡಾರನೆ ಗೋಡೆಯನ್ನು ಗುದ್ದಿದರೆ, ಈಚೆಯವರ ನಿದ್ರೆಗೆ ಗತಿಯೇನು? ಮೈಸೂರಿನವರು ಕೊಳಾಯಿಯೆನ್ನುವುದನ್ನೇ ಆ ಕಡೆಯವರು ನಳವೆನ್ನುವರು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯು ಹಳ್ಳಿಯ ಮನೆಮನೆಗೂ ನಳವನ್ನು ಒಯ್ಯಲು ಹೊರಟಿತಾಗಿ, ಈ ಸದ್ದು ಪಟ್ಟಣಿಗರ ಸೊತ್ತಾಗಿ ಉಳಿದಿಲ್ಲ.

ಸೀಟಿಯ ಕಾರಣ ಸುಲಭವಾದುದು. ನಾಲ್ಕಾರು ದಿನಗಳಿಗೊಮ್ಮೆ ನೀರು ಬಿಡುವ ಊರುಗಳಲ್ಲಿ ಕೊಳವೆ ಬರಿದಾದಾಗ ಗಾಳಿ ಒಳಸೇರುತ್ತದೆ. ಪುರಾಣದ ನಳನಲ್ಲಿ ಕಲಿ ಹೊಕ್ಕಂತೆ ಈ ನಳದಲ್ಲಿ ಗಾಳಿ ಹೊಕ್ಕಿರುತ್ತದೆ. ಬರುವ ನೀರು ಅದನ್ನು ಹೊರದೂಡಬೇಕು. ಕೆಮ್ಮಿಗೆ ಆ ಗಾಳಿಯ ಜೊತೆಗೆ ಬಿರಡೆಯೊಳಗಿನ ಸವೆದ ಬಿಲ್ಲೆಯೂ ಕಾರಣವಾಗಬಹುದು. ಇನ್ನು ಗುದ್ದು! ಅದು ನಿಜವಾಗಿಯೂ ವಿಚಾರಯೋಗ್ಯವಾದುದು.

ಓಡುತ್ತಿರುವ ನೀರನ್ನು ಥಟ್ಟನೆ ತಡೆದರೆ, ಎಂಜಿನ್ ನಿಂತಾಗ ಹಿಂದಿನ ಡಬ್ಬಿಗಳು ಒಂದಕ್ಕೊಂದು ಹಾಯುವಂತೆ, ಹಿಂದಿನ ನೀರು ಮುಂದಿನದನ್ನು ಒತ್ತುತ್ತದೆ. ಆ ಒತ್ತಡ ಅಲೆಯಾಗಿ ಹಿಂದಿರುಗಿ ಓಡುತ್ತದೆ. ರಷ್ಯದ ವಿದ್ವಾಂಸ ಝುಕೋವ್‌ಸ್ಕಿಯವರು ಮಾಸ್ಕೋ ನಗರದ ಕೊಳವೆಗಳಲ್ಲಿ 1897-98ರಲ್ಲಿ ಪ್ರಯೋಗ ನಡೆಸಿ ಇದರ ಲೆಕ್ಕವನ್ನು ತಿಳಿಸಿದರು. ಕಬ್ಬಿಣದ ಕೊಳವೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 1200 ಮೀಟರ್. ಸೆಕೆಂಡಿಗೆ ಒಂದೇ ಮೀಟರ್ ನಡೆಯುವ ನೀರನ್ನು ಒಮ್ಮೆಗೇ ನಿಲ್ಲಿಸಿದರೂ ಸುಮಾರು 120 ಮೀಟರ್ ಎತ್ತರದ ನೀರಿನ ಒತ್ತಡ ಏಳುತ್ತದೆ; ಎಂದರೆ ಬೆಳಗೊಳದ ಗೊಮ್ಮಟನಂತಹ ಏಳು ಮೂರ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ಪ್ಲಾಸ್ಟಿಕ್ ಕೊಳವೆ ತುಸು ಹಿಗ್ಗುವುದರಿಂದ ಅದರಲ್ಲಿ ಪೆಟ್ಟು ಕಡಿಮೆ. ಬಿರಡೆಯನ್ನು ಮೆಲ್ಲಗೆ ತಿರುಗಿಸಿದರೆ ಎರಡರಲ್ಲಿಯೂ ಪೆಟ್ಟಿಲ್ಲ.

ಆದರೆ ಬೆರಳುಗಾತ್ರದ ಕೊಳವೆಗೆ ಅಷ್ಟು ದೊಡ್ಡ ದನಿ ಹೇಗೆ? ತಂಬೂರಿಯ ತಂತಿಗೆ ಬುರುಡೆಯಿದ್ದಂತೆ ಕೊಳವೆಗೆ ಗೋಡೆಯಿದೆ. ಹಿಂದಿನ ದಪ್ಪನೆಯ ಮಣ್ಣುಗೋಡೆ ಬಹಳಷ್ಟನ್ನು ನುಂಗಿಕೊಳ್ಳುತ್ತಿತ್ತು. ಈಗಿನ ತೆಳು ಇಟ್ಟಿಗೆಯ ಗೋಡೆಯೊಳಗೆ ಕೊಳವೆಯನ್ನು ಹುಗಿದು ಸಿಮೆಂಟು ಮೆತ್ತಿದರೆ ಅದನ್ನು ಮೃದಂಗವೆಂದೇ ಕರೆಯಬೇಕು. ಕೊಳವೆಯನ್ನು ಗೋಡೆಯ ಹೊರಗೇ ಒಯ್ದು, ಕೊಂಡಿಗೂ ಅದಕ್ಕೂ ನಡುವೆ ರಬ್ಬರಿನ ತುಂಡಿಟ್ಟರೆ ಮೃದಂಗ ಮೂಕವಾಗುತ್ತದೆ. ಖರ್ಚು ಅತ್ಯಲ್ಪ, ನೆರೆಯವರನ್ನು ಒಪ್ಪಿಸುವುದೊಂದೇ ಕಷ್ಟ.

ಇವೆಲ್ಲಕ್ಕೂ ಮೇಲಾದ ಇನ್ನೊಂದು ಸದ್ದುಂಟು: ಬೀದಿಯ ಕೊಳವೆಗೇ ನೇರವಾಗಿ ಹಚ್ಚಿದ ಮೋಟಾರಿನ ಗುಂಯ್‌ಗುಟ್ಟುವಿಕೆ. ಉಳಿದವು ನಿದ್ರೆಯನ್ನು ಮಾತ್ರ ಕೆಡಿಸುತ್ತವೆ. ಇದು ನೀರನ್ನೇ ಕೆಡಿಸಬಲ್ಲುದು. ಮೋಟಾರು ಎಳೆದಾಗ ಬೀದಿಯ ಕೊನೆಯ ಮನೆಗಳಿಗೆ ನೀರು ತಲುಪದು. ಅಷ್ಟೇ ಅಲ್ಲ, ಕೊಳವೆಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯಬಹುದು. ಯಾವಗಲ್ಲಿನ ಸೀಮೆಯದು ಎರೆಮಣ್ಣು. ಮಳೆಗೆ ಉಬ್ಬಿ, ಬೇಸಗೆಗೆ ಬಿರಿದು, ಹೂತ ಕೊಳವೆಗಳನ್ನು ಅಲುಗಿಸಿ ಕೀಲು ಸಡಿಲಿಸುವ ಮಣ್ಣು. ಸಡಿಲವಾದ ಕೀಲಿನ ಪಕ್ಕದಲ್ಲಿ ಗಟಾರವಿದ್ದರೆ ಅದರ ನೀರು ಒಳಕ್ಕೆ ಹೀರಲ್ಪಟ್ಟು ಯಾರ ಬಿಂದಿಗೆಗೆ ಬೀಳುವುದೋ ಹೇಳಲಾಗದು. ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಲ್ಲಿ 2008ರಲ್ಲಿ ದಿನವಿಡೀ ನೀರು ಹರಿಸಿ ತೋರಿಸಿದರಷ್ಟೆ. ಕೊಳವೆ ಸದಾ ತುಂಬಿದ್ದರೆ ಸೀಟಿಯಿಲ್ಲ, ಮೋಟಾರಿನ ಅಗತ್ಯವೂ ಇಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಸದ್ದು 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆದರೆ ನಳದ ಸದ್ದಿಗಾಗಿ ನೆರೆಯವರನ್ನು ಕಾನೂನಿನ ಬಾಗಿಲಿಗೆ ಎಳೆಯುವುದು ನಮಗಂತೂ ರುಚಿಸದು.

ನೀರು ಸರಬರಾಯಿಯ ಕೆಲಸಗಾರರು ನಿಶ್ಶಬ್ದವಾದ ರಾತ್ರಿಯಲ್ಲಿ ಕೊಳವೆಗೆ ಸಲಾಕೆಯ ಒಂದು ತುದಿಯನ್ನು ತಾಗಿಸಿ, ಇನ್ನೊಂದಕ್ಕೆ ಕಿವಿಯಿಟ್ಟು ಸೋರಿಕೆಯನ್ನು ಪತ್ತೆಹಚ್ಚುವುದುಂಟು. ಆಚೆಮನೆಯಲ್ಲಿ ಎಲ್ಲರೂ ಮಲಗಿದ ಮೇಲೂ ಎಡೆಬಿಡದೆ ಸುಯ್ಯೆನ್ನುವ ಸದ್ದು ಕೇಳಿದರೆ ಅದು ಬಹುಶಃ ಅಂತಹ ಸೋರಿಕೆಯೇ. ಆ ಮನೆಯವರ ಕಿವಿ ಅದಕ್ಕೆ ಒಗ್ಗಿಹೋಗಿರುತ್ತದೆ. ಬೆಳಗಾದ ಮೇಲೆ ಹೋಗಿ, ನಿದ್ರೆಗೆಟ್ಟ ಮಾತನ್ನು ಎತ್ತದೆ, ಮಾಳಿಗೆಯ ಮೇಲಣ ತೊಟ್ಟಿಯಲ್ಲಿ ರಾತ್ರಿ ಎಷ್ಟು ನೀರಿತ್ತು, ಈಗೆಷ್ಟಿದೆ ಎಂದು ಕೇಳಬಹುದು.