ಛತ್ರ ಬಿಟ್ಟಿ, ಅಡುಗೆ ಗುತ್ತಿಗೆ ನಮ್ಮದೇ



ಬೆಂಗಳೂರಿನ ಚಿಕ್ಕಪೇಟೆಗೆ ಅಂಟಿಕೊಂಡಿರುವ ಎಸ್.ಪಿ. ರಸ್ತೆಯಲ್ಲಿ ಹಳೇ ಫೋನೊಂದನ್ನು ಕೊಟ್ಟು, ಆಂಡ್ರಾಯ್ಡ್‌ನ ಮುಕ್ತ ಕೋಡ್‌ನಿಂದ ಕಟ್ಟಿದ ಲಿನಿಯೇಜ್ ಓಎಸ್ ‘ಫ್ಲಾಶ್’ ಮಾಡಿಸಿ ನೋಡಿ. ಫೋನು ಆನ್ ಆಗುತ್ತದೆ, ಕರೆ ಹೋಗುತ್ತದೆ, ಕ್ಯಾಮೆರಾ ತೆರೆಯುತ್ತದೆ. ಪ್ಲೇ ಸ್ಟೋರ್ ಇರುವುದಿಲ್ಲ, ಜಿಮೇಲ್ ಇಲ್ಲ, ಮ್ಯಾಪ್ಸ್ ಇಲ್ಲ. ಅವನ್ನು ಬೇರೆಯಾಗಿ ತುಂಬಿಸಿಕೊಂಡರೂ ಕೆಲವು ಬ್ಯಾಂಕ್ ಆಪ್‌ಗಳು ಇದು ನಂಬುವಂಥ ಫೋನಲ್ಲ ಎಂದು ತೆರೆಯಲು ಒಪ್ಪುವುದಿಲ್ಲ. ಕೋಡೇನೋ ಮುಕ್ತ, ಯುಪಿಐ ನಡೆಯದ ಫೋನನ್ನು ಈ ಪೇಟೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ಇಂದಿನ ಚರ್ಚೆ ಇಲ್ಲಿಂದ ಶುರುವಾಗಲಿ. ಕಂಪನಿಯೊಂದು ತನ್ನ ಕೋಡನ್ನು ಏಕೆ ಬಿಟ್ಟುಕೊಟ್ಟಿತು ಎನ್ನುವುದಕ್ಕಿಂತ, ಏನನ್ನು ಬಿಟ್ಟುಕೊಡಲಿಲ್ಲ ಎಂದು ಕೇಳಿದರೆ ಉದ್ದೇಶ ತಾನಾಗಿ ಹೊರಬೀಳುತ್ತದೆ.

ಗೂಗಲ್ 2005ರಲ್ಲಿ ಆಂಡ್ರಾಯ್ಡನ್ನು ಕೊಂಡಿತು, 2008ರಲ್ಲಿ ಅದರ ಕೋಡ್ ಹೊರಬಿಟ್ಟಿತು. ಕಂಪನಿಯ ಅನ್ನ ಜಾಹೀರಾತಿನದು. ಜನ ಕಂಪ್ಯೂಟರ್ ಬಿಟ್ಟು ಫೋನು ಹಿಡಿದಾಗ ಮೈಕ್ರೋಸಾಫ್ಟೋ ಆಪಲ್ಲೋ ಸರ್ಚ್‌ಗೆ ಅಡ್ಡ ನಿಂತರೆ ಗತಿಯೇನು? ಹಾಗಾಗಿ ಓಎಸ್‌ಗೆ ಬೆಲೆಯೇ ಇಲ್ಲದಂತೆ ಮಾಡಿತು. ಅಪಾಚೆ ಪರವಾನಗಿಯನ್ನು ಆರಿಸಿದ್ದೂ ಲೆಕ್ಕ ಹಾಕಿಯೇ. ತಯಾರಕರು ತಮ್ಮ ತಿದ್ದುಪಡಿಗಳನ್ನು ಗುಟ್ಟಾಗಿಡಲು ಅದರಲ್ಲಿ ಅಡ್ಡಿಯಿಲ್ಲ. ಮದುವೆಗೆ ಛತ್ರ ಬಿಟ್ಟಿ, ಅಡುಗೆ ಗುತ್ತಿಗೆ ಮಾತ್ರ ನಮ್ಮವರಿಗೇ ಎನ್ನುವ ಯಜಮಾನರನ್ನು ನೀವು ಬಲ್ಲಿರಿ. ಆ ಗುತ್ತಿಗೆ ಎಷ್ಟು ಬಿಗಿಯಾಗಿತ್ತು ಎಂಬುದನ್ನು ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನ ಆದೇಶದಲ್ಲಿ ಬಿಡಿಸಿಟ್ಟಿತು. ಪ್ಲೇ ಸ್ಟೋರ್ ಬೇಕಾದರೆ ಗೂಗಲ್‌ನ ಉಳಿದ ಆಪ್‌ಗಳ ಕಂತೆಯನ್ನೂ ಹೊರಬೇಕಿತ್ತು. ಆಂಡ್ರಾಯ್ಡನ್ನು ತಮಗೆ ಬೇಕಾದಂತೆ ಕವಲೊಡೆಸಿದ ಫೋನು ಮಾರುವಂತಿರಲಿಲ್ಲ. ಆಯೋಗ ಹಾಕಿದ ದಂಡ 1,337.76 ಕೋಟಿ ರೂಪಾಯಿ. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಕೆಲವು ನಿರ್ದೇಶನಗಳನ್ನು ಕೈಬಿಟ್ಟಿತು.

ಸೋಲುತ್ತಿರುವವರ ಔದಾರ್ಯದ ಬಗೆಯೇ ಬೇರೆ. ನೋಕಿಯಾ 2010ರ ಫೆಬ್ರವರಿಯಲ್ಲಿ ತನ್ನ ಫೋನುಗಳ ಓಎಸ್ ಸಿಂಬಿಯನ್‌ನ ಕೋಡನ್ನು ತಾನು ಕಟ್ಟಿದ ಪ್ರತಿಷ್ಠಾನದ ಮೂಲಕ ತೆರೆದಿಟ್ಟಾಗ ಪಕ್ಕದಲ್ಲಿ ಆಂಡ್ರಾಯ್ಡ್ ಆಗಲೇ ಪುಕ್ಕಟೆ ಸಿಗುತ್ತಿತ್ತು. ಸಾಕುವ ಖರ್ಚನ್ನು ಹಂಚಿಕೊಳ್ಳುವವರು ಬೇಕಿತ್ತು, ಬರಲಿಲ್ಲ. ಒಂದೇ ವರ್ಷಕ್ಕೆ ನೋಕಿಯಾ ಮೈಕ್ರೋಸಾಫ್ಟ್ ಕೈ ಹಿಡಿಯಿತು.

ಇಷ್ಟಾಗಿಯೂ ನನಗೆ ಗೂಗಲ್ ಮೇಲೆ ಸಿಟ್ಟಿಲ್ಲ. 2012ರ 4.1 ಆವೃತ್ತಿಗೆ ಮುಂಚೆ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಬರೀ ಚೌಕಡಬ್ಬಿ. ಫೋನು ರೂಟ್ ಮಾಡಿ ತಾವೇ ಫಾಂಟ್ ತುರುಕಿಕೊಂಡವರು ಈ ಸಭೆಯಲ್ಲೂ ಇದ್ದೀರಿ. ಕಂಪನಿಯ ಲಾಭಕ್ಕೆಂದು ತೆರೆದ ಸಂದಿಯಲ್ಲೇ ನಾವು ತೂರಿಕೊಂಡದ್ದು.

ಆ ಸಂದಿ ಈಗ ಕಿರಿದಾಗುತ್ತಿದೆ. ಆಂಡ್ರಾಯ್ಡ್‌ನ ಅಭಿವೃದ್ಧಿಯೆಲ್ಲ ಇನ್ನು ಒಳಗೇ ನಡೆಯುತ್ತದೆ, ಆವೃತ್ತಿ ಸಿದ್ಧವಾದ ಮೇಲಷ್ಟೇ ಕೋಡ್ ಹೊರಬರುತ್ತದೆ ಎಂದು ಗೂಗಲ್ 2025ರ ಮಾರ್ಚ್‌ನಲ್ಲಿ ತಿಳಿಸಿತು. ಪರವಾನಗಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಹಾಗಾದರೆ ಮುಕ್ತತೆಯನ್ನು ಅಳೆಯುವಾಗ ಪರವಾನಗಿಯೊಂದನ್ನೇ ಓದಿದರೆ ಸಾಕೇ, ತಯಾರಕರ ಜೊತೆಗಿನ ಕರಾರುಪತ್ರಗಳನ್ನೂ ಮುಂದಿಡಿ ಎಂದು ಕೇಳಬೇಕೇ? ಮಧ್ಯಾಹ್ನದ ಗೋಷ್ಠಿಯಲ್ಲಿ ಮಾತಾಡಲಿರುವ ವಕೀಲ ಮಿತ್ರರು ಮೊದಲು ಇದಕ್ಕೆ ಉತ್ತರ ಹೇಳಲಿ.