ರಸ್ತೆ, ಬಸ್ಸು, ಗುಡ್ಡ: ನಾವಿರುವ ಊರಿನ ಮೂರು ಮಾತು

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹಬ್ಬ, ಅಡುಗೆ, ಆರೋಗ್ಯ, ಸಾಹಿತ್ಯದ ಬಗ್ಗೆ ಮಾತಾಡುವ ಈ ವೇದಿಕೆಯಲ್ಲಿ ರಸ್ತೆ, ಬಸ್ಸಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾನು ಓದಿದ್ದು ಎಂ.ಟೆಕ್., ಮಾಡುವುದು ಸಾಫ್ಟ್‌ವೇರ್ ಕೆಲಸ. ರಸ್ತೆ ಕಟ್ಟುವವಳಲ್ಲ. ಆದರೆ ಪುಣೆಯಲ್ಲಿ ಮನೆ ಮಾಡಿದ ಮೇಲೆ ಇಲ್ಲಿಯ ರಸ್ತೆಯೂ ನಮ್ಮದೇ. ನಮ್ಮ ಮಕ್ಕಳು ಶಾಲೆಗೆ ಹೋಗುವುದು, ಅತ್ತೆ-ಮಾವ ಸಂಜೆ ತಿರುಗಾಡುವುದು ಇದರ ಮೇಲೆಯೇ.

ಮೊದಲು ನಮಗೆಲ್ಲ ಗೊತ್ತಿರುವ ಜಾಗದಿಂದ ಶುರು ಮಾಡುತ್ತೇನೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಹೆದ್ದಾರಿಯಲ್ಲಿ ಮರಳುವಾಗ ಕಾತ್ರಜ್‌ನ ಹೊಸ ಸುರಂಗ ದಾಟಿದರೆ "ಅಬ್ಬಾ, ಮನೆ ಬಂತು" ಅನ್ನುತ್ತೇವೆ. ಅಪಾಯ ಶುರುವಾಗುವುದೇ ಅಲ್ಲಿಂದ. ಸುರಂಗದಿಂದ ನವಲೆ ಸೇತುವೆಯವರೆಗೆ ಉದ್ದದ ಇಳಿಜಾರು. 2022ರ ನವೆಂಬರ್ 20ರ ರಾತ್ರಿ ಇಲ್ಲಿ ಒಂದು ಟ್ರಕ್ ಹತೋಟಿ ತಪ್ಪಿ ಹತ್ತಾರು ವಾಹನಗಳಿಗೆ ಗುದ್ದಿತು. ಡೀಸೆಲ್ ಉಳಿಸಲು ಕೆಲವು ಚಾಲಕರು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುತ್ತಾರೆ. ಆಗ ಎಂಜಿನ್ನಿನ ಹಿಡಿತ ಇರುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ವೇಗ ಎರಡು ಪಟ್ಟಾದರೆ ಗುದ್ದುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ನಮ್ಮ ಮನೆಯ ಕಾರಾದರೂ ಅಲ್ಲಿ ಕೆಳ ಗೇರಿನಲ್ಲೇ ಇಳಿಯಲಿ. ಲಾರಿಯ ಮುಂದೆ ಹಠಾತ್ತನೆ ನುಗ್ಗುವುದು ಬೇಡ.

ದೇಶದ ಲೆಕ್ಕ ನೋಡಿ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ದಿನಕ್ಕೆ 460ಕ್ಕೂ ಹೆಚ್ಚು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ದ್ವಿಚಕ್ರ ವಾಹನದವರು, ಐದರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಸ್ಕೂಟರ್ ಓಡಿಸುವ ಗಂಡನ ತಲೆಗೆ ಹೆಲ್ಮೆಟ್, ಹಿಂದೆ ಕೂತ ಹೆಂಡತಿಗೆ ಮಲ್ಲಿಗೆ ದಂಡೆ, ನಡುವೆ ಮಗು ಬರಿದಲೆಯಲ್ಲಿ. ಈ ದೃಶ್ಯ ನಮ್ಮ ಕಾರ್ಯಕ್ರಮಗಳ ಗೇಟಿನಲ್ಲೇ ಕಾಣುತ್ತದೆ. ಕಾನೂನಿನ ಪ್ರಕಾರ ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಇನ್ನೊಂದು ಮಾತು: ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಲು ಪೊಲೀಸ್ ರಗಳೆಗೆ ಹೆದರಬೇಡಿ. 2019ರ ತಿದ್ದುಪಡಿಯಲ್ಲಿ ಸಹಾಯ ಮಾಡುವವರಿಗೆ ರಕ್ಷಣೆ ಕೊಟ್ಟಿದ್ದಾರೆ. ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ.

ಎರಡನೆಯದು ಬಸ್ಸು. ನಮ್ಮ ಮನೆಗೆಲಸಕ್ಕೆ ಬರುವ ಮಾವಶಿ ಬೆಳಿಗ್ಗೆ ಒಂದು ಬಸ್ ತಪ್ಪಿದರೆ ಷೇರ್ ರಿಕ್ಷಾ ಹಿಡಿಯಬೇಕು, ಇಲ್ಲವೆ ಒಂದು ಮನೆಯ ಕೆಲಸ ಬಿಡಬೇಕು. ನನ್ನ ತಂಡದ ಹುಡುಗಿಯೊಬ್ಬಳು ಬಡ್ತಿಯೇ ಬೇಡ ಅಂದಳು. ಆ ಹುದ್ದೆಯಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಅಮೆರಿಕದವರ ಜೊತೆ ಮೀಟಿಂಗ್ ಇರುತ್ತದೆ. ಅವಳ ಸ್ಟಾಪಿನಿಂದ ಮನೆಯವರೆಗಿನ ದಾರಿಯಲ್ಲಿ ದೀಪವಿಲ್ಲ. ಅವಳಿಗೆ ಯೋಗ್ಯತೆ ಇತ್ತು, ಬರಲಿಲ್ಲದ್ದು ಬಸ್ಸು ಮತ್ತು ಬೆಳಕು.

ಬಸ್ಸು ಹೆಚ್ಚಿಸಿ ಎಂದಷ್ಟೇ ಕೇಳಿದರೆ ಸಾಲದು. ಗಂಟೆಗೆ ನಾಲ್ಕು ಬಸ್ಸು ಸಮನಾಗಿ ಬಂದರೆ ಸರಾಸರಿ ಏಳೂವರೆ ನಿಮಿಷ ಕಾಯುತ್ತೇವೆ. ಅದೇ ನಾಲ್ಕು ಬಸ್ಸು ಜೋಡಿ ಜೋಡಿಯಾಗಿ ಅರ್ಧ ಗಂಟೆಗೊಮ್ಮೆ ಬಂದರೆ ಹದಿನೈದು ನಿಮಿಷ ಕಾಯಬೇಕು. ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಹೀಗೇ ಆಗುವುದು. ಅದಕ್ಕೇ ಬಸ್ಸಿಗೆ ಪ್ರತ್ಯೇಕ ದಾರಿ ಬೇಕು. ಕಾತ್ರಜ್–ಸ್ವಾರ್ಗೇಟ್–ಹಡಪ್ಸರ್ ದಾರಿಯಲ್ಲಿ 2006ರಲ್ಲಿ ದೇಶದ ಮೊದಲ ಬಿ.ಆರ್.ಟಿ. ಶುರುವಾದದ್ದು ಇದೇ ಊರಿನಲ್ಲಿ. ಆ ದಾರಿಗೆ ಬೇರೆ ಗಾಡಿ ನುಗ್ಗಿಸುವವರೂ ನಮ್ಮಂಥವರೇ. ಒಂದು ಬಸ್ಸು 12 ಮೀಟರಿನಲ್ಲಿ ಐವತ್ತು ಜನರನ್ನು ಒಯ್ಯುತ್ತದೆ. ಅಷ್ಟೇ ಜನ ಇಬ್ಬಿಬ್ಬರಂತೆ ಕಾರಿನಲ್ಲಿ ಹೋದರೆ 25 ಕಾರು ಬೇಕು. ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೂ ನೂರು ಮೀಟರ್ ಸಾಲು.

ಕರ್ನಾಟಕದಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಇದೆ. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಅದೇ ವರ್ಷ ಮಾರ್ಚ್‌ನಿಂದ ನಮಗೆ ಅರ್ಧ ಟಿಕೆಟ್. ಒಳ್ಳೆಯದೇ. ಆದರೆ ಟಿಕೆಟ್ ಎಷ್ಟೇ ಅಗ್ಗವಾದರೂ ಬಸ್ಸು ಬಂದರೆ ತಾನೆ ಉಪಯೋಗ?

ಮೂರನೆಯದು ಗುಡ್ಡ. ಇಲ್ಲಿ ನಮ್ಮಲ್ಲೇ ಭಿನ್ನಾಭಿಪ್ರಾಯ ಇದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ವೇತಾಳ ಟೇಕಡಿ, ಅಂದರೆ ನಮ್ಮ ಬೇತಾಳನ ಗುಡ್ಡ. ಅದರ ಮಗ್ಗುಲಲ್ಲಿ ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ಸುಮಾರು ಎರಡು ಕಿಲೋಮೀಟರ್ ರಸ್ತೆಯ ಯೋಜನೆ ಇದೆ. 2023ರ ಏಪ್ರಿಲ್‌ನಲ್ಲಿ ಸಾವಿರಾರು ಜನ ಗುಡ್ಡ ಉಳಿಸಿ ಎಂದು ಮೆರವಣಿಗೆ ಮಾಡಿದರು. ಕೋಥ್ರೂಡ್ ಕಡೆಯ ನಮ್ಮ ಸದಸ್ಯರು ಕೆಲವರು ರಸ್ತೆ ಆಗಲಿ ಅನ್ನುತ್ತಾರೆ. ದಿನಾ ಸಿಗ್ನಲಿನಲ್ಲಿ ನಿಂತು ಸಾಕಾದವರ ಮಾತು ಅದು, ಸುಳ್ಳಲ್ಲ. ಆದರೆ ಹೊಸ ರಸ್ತೆ ತೆರೆದರೆ ಅದನ್ನು ತುಂಬುವಷ್ಟು ಹೊಸ ಗಾಡಿ ಬರುವುದನ್ನು ಈ ಊರಿನಲ್ಲಿ ಎಷ್ಟು ಸಲ ನೋಡಿಲ್ಲ? ಬಸ್ಸು ಆಮೇಲೂ ಹೆಚ್ಚಿಸಬಹುದು. ಗುಡ್ಡವನ್ನು ಆಮೇಲೆ ಕಟ್ಟಲಾಗದು. ಆ ಕಪ್ಪು ಬಂಡೆಯ ಬಿರುಕಿನಲ್ಲಿ ಮಳೆನೀರು ಇಂಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ನಾವು ಅದನ್ನು ಮರೆಯಬಾರದು.

ಭಾಷಣಕ್ಕಿಂತ ಕೆಲಸ ಮುಖ್ಯ. ಮೂರು ಸಲಹೆ ಕೊಡುತ್ತೇನೆ. ಒಂದು, ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಸಭಾಂಗಣಕ್ಕೆ ಬರುವ ಬಸ್ ನಂಬರ್, ಹತ್ತಿರದ ಸ್ಟಾಪ್ ಹಾಕೋಣ. ಕಾರ್ಯಕ್ರಮ ಎಂಟೂವರೆಗೆ ಮುಗಿಸೋಣ. ಎರಡು, ಪ್ರತಿಯೊಬ್ಬರೂ ತಮ್ಮ ಮನೆಯ ಹತ್ತಿರದ ಒಂದು ಸ್ಟಾಪ್ ನೋಡಿ ದೀಪ, ಕೂರುವ ಜಾಗ, ಫುಟ್‌ಪಾತ್, ರಸ್ತೆ ದಾಟುವ ಪಟ್ಟೆ ಇದೆಯೇ ಎಂದು ಬರೆದುಕೊಡಿ. ಪಟ್ಟಿ ನಾನು ಮಾಡುತ್ತೇನೆ. ಮರಾಠಿಯಲ್ಲಿ ಅರ್ಜಿ ಬರೆಯಲು ಇಲ್ಲೇ ಬೆಳೆದ ನಮ್ಮ ಹೆಣ್ಣುಮಕ್ಕಳಿದ್ದಾರೆ. ವಾರ್ಡ್ ಆಫೀಸಿಗೆ ಹತ್ತು ಜನ ಒಟ್ಟಿಗೆ ಹೋಗೋಣ. ಮೂರು, ಗುಡ್ಡದ ವಿಷಯದಲ್ಲಿ ಎರಡೂ ಕಡೆಯವರನ್ನು ಕೂರಿಸಿ ಒಂದು ಸಭೆ ಮಾಡೋಣ. ಅದಕ್ಕೂ ಮೊದಲು ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಅಲ್ಲಿ ಹತ್ತಿ ಬರೋಣ. ನೋಡದ ಗುಡ್ಡದ ಬಗ್ಗೆ ವಾದ ಮಾಡುವುದು ಬೇಡ.

ಹೊರಡುವಾಗ ಹೆಲ್ಮೆಟ್ ಹಾಕಿಕೊಳ್ಳಿ, ಹಿಂದೆ ಕೂರುವವರೂ.