ಅಬ್ಬಾ ಊಟ ಬೇಡ ಅನ್ನುತ್ತಿದ್ದಾರೆ
(ಆರ್.ಟಿ. ನಗರದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.

ಕಳೆದ ವಾರ ಫಜ್ರ್ ನಮಾಝ್ ಮುಗಿದ ಮೇಲೆ ಸುಲ್ತಾನ್‌ಪಾಳ್ಯದ ಒಬ್ಬ ಸಹೋದರರು ಬಂದು ಪಕ್ಕದಲ್ಲಿ ಕುಳಿತರು. ಅವರ ತಂದೆಗೆ ಕ್ಯಾನ್ಸರ್. ಇನ್ನು ಚಿಕಿತ್ಸೆ ಫಲಿಸದು, ಮನೆಯಲ್ಲೇ ನೋಡಿಕೊಳ್ಳಿ ಎಂದು ವೈದ್ಯರು ಹೇಳಿ ಕಳುಹಿಸಿದ್ದಾರೆ. "ಹಝ್ರತ್, ಅಬ್ಬಾ ನಾಲ್ಕು ದಿನದಿಂದ ಊಟ ಬೇಡ ಅನ್ನುತ್ತಿದ್ದಾರೆ. ಗಂಜಿ ಕುಡಿಸಲು ಹೋದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ನೋಡಲು ಬಂದ ನೆಂಟರೊಬ್ಬರು, ಹಸಿವಿನಿಂದ ಸಾಯಿಸುತ್ತೀರಾ ಎಂದು ಕೇಳಿ ಹೋದರು. ಅಂದಿನಿಂದ ನನ್ನ ಹೆಂಡತಿಯ ಅಳು ನಿಂತಿಲ್ಲ. ನಾವು ಗುನಾಹ್ ಮಾಡುತ್ತಿದ್ದೇವಾ?"

ನಮ್ಮಲ್ಲಿ ಪ್ರೀತಿ ತೋರಿಸುವುದೇ ಉಣ್ಣಿಸುವುದರಲ್ಲಿ. ಆದ್ದರಿಂದ ತಟ್ಟೆ ಹಾಗೇ ವಾಪಸ್ ಬಂದರೆ ಎದೆ ಒಡೆಯುತ್ತದೆ. ಆದರೆ ರೋಗಿಗಳನ್ನು ತಿನ್ನಲು, ಕುಡಿಯಲು ಬಲವಂತ ಮಾಡಬಾರದು, ಅವರಿಗೆ ಉಣಿಸುವವನು, ಕುಡಿಸುವವನು ಅಲ್ಲಾಹನು ಎಂಬ ಅರ್ಥದ ಹದೀಸ್ ತಿರ್ಮಿದಿ ಮತ್ತು ಇಬ್ನು ಮಾಜಃ ಸಂಗ್ರಹಗಳಲ್ಲಿದೆ. ಅದನ್ನು ಹಝ್ರತ್ ಉಕ್ಬಾ ಬಿನ್ ಆಮಿರ್(ರ) ವರದಿ ಮಾಡಿದ್ದಾರೆ. ಇನ್ನೊಂದು ಘಟನೆ ಸಹೀಹ್ ಬುಖಾರಿಯಲ್ಲಿದೆ. ಪ್ರವಾದಿ(ಸ)ರ ಕೊನೆಯ ಕಾಯಿಲೆಯಲ್ಲಿ ಮನೆಯವರು ಅವರ ಬಾಯಿಗೆ ಔಷಧ ಹಾಕಲು ಹೋದರು. ಬೇಡವೆಂದು ಅವರು ಸನ್ನೆ ಮಾಡಿದರು. ರೋಗಿಗಳಿಗೆ ಔಷಧವೆಂದರೆ ಆಗದು, ಅದಕ್ಕೇ ಹೀಗೆ ಎಂದುಕೊಂಡು ಮನೆಯವರು ಹಾಕಿಯೇಬಿಟ್ಟರು. ಎಚ್ಚರವಾದಾಗ ಪ್ರವಾದಿ(ಸ)ರು ಅಸಮಾಧಾನಗೊಂಡರು. ಹಝ್ರತ್ ಆಯಿಶಾ(ರ) ಅವರೇ ಇದನ್ನು ತಿಳಿಸಿದ್ದಾರೆ. ಅವರ ಪ್ರೀತಿಯಲ್ಲಿ ಕೊರತೆಯಿತ್ತೇ? ಇಲ್ಲ. ಆದರೂ ರೋಗಿಯ ಸನ್ನೆಗೆ ಬೆಲೆ ಕೊಡಬೇಕಿತ್ತು.

ವೈದ್ಯರು ಹೇಳುವುದೂ ಇದಕ್ಕೆ ಹತ್ತಿರವೇ ಇದೆ. ಮರಣ ಸಮೀಪಿಸಿದಾಗ ಶರೀರ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಹಸಿವು ಹೋಗುತ್ತದೆ, ನುಂಗುವ ಶಕ್ತಿ ಕುಗ್ಗುತ್ತದೆ. ಊಟ ಬಿಟ್ಟಿದ್ದರಿಂದ ಸಾವು ಬರುತ್ತಿರುವುದಲ್ಲ, ಸಾವು ಹತ್ತಿರವಾಗಿರುವುದರಿಂದ ಊಟ ಬೇಡವಾಗಿದೆ. ಆಗ ಬಾಟಲಿಗಟ್ಟಲೆ ಗ್ಲುಕೋಸ್ ಏರಿಸಿದರೆ ಕೈಕಾಲು ಊದಿಕೊಳ್ಳಬಹುದು, ಎದೆಯಲ್ಲಿ ನೀರು ತುಂಬಿ ಉಸಿರಾಟ ಕಷ್ಟವಾಗಬಹುದು.

ನಾನೂ ಈ ತಪ್ಪು ಮಾಡಿದವನೇ. ನನ್ನ ಅಮ್ಮಿ ಅರೆ ಎಚ್ಚರದಲ್ಲಿದ್ದಾಗ ಎರಡು ಚಮಚ ಯಖ್ನಿ ಹೋದರೆ ಶಕ್ತಿ ಬರುತ್ತದೆಂದು ಬಾಯಿಗೆ ಹಾಕಿದೆ. ಅದು ಶ್ವಾಸನಾಳಕ್ಕೆ ಇಳಿಯಿತು. ಆ ರಾತ್ರಿಯ ಅವರ ಕೆಮ್ಮು ನನಗೆ ಇಂದಿಗೂ ಕೇಳಿಸುತ್ತದೆ.

ಝಮ್‌ಝಮ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಹಜ್‌ನಿಂದ ತಂದಿಟ್ಟ ನೀರನ್ನು ಕೊನೆಗಳಿಗೆಯಲ್ಲಿ ಕೊಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ಒಳ್ಳೆಯದೇ. ಪ್ರಜ್ಞೆ ಇಲ್ಲದವರ ಗಂಟಲಿಗೆ ಚಮಚದಿಂದ ಸುರಿಯಬೇಡಿ. ಹತ್ತಿಯನ್ನು ಅದರಲ್ಲಿ ಅದ್ದಿ, ಹಿಂಡಿ, ತುಟಿ ಮತ್ತು ನಾಲಿಗೆಗೆ ಸವರಿ. ಒಣಗಿದ ತುಟಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ಗಂಟೆಗೊಮ್ಮೆ ಇದನ್ನು ಮಾಡಿದರೆ ಬಾಯಾರಿಕೆಯ ಕಷ್ಟ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಕೊನೆಗಾಲದಲ್ಲಿ ಪ್ರವಾದಿ(ಸ)ರು ಪಕ್ಕದ ಪಾತ್ರೆಯ ನೀರಿನಲ್ಲಿ ಕೈ ಅದ್ದಿ ಮುಖಕ್ಕೆ ಸವರಿಕೊಳ್ಳುತ್ತಿದ್ದರೆಂದು ಬುಖಾರಿಯಲ್ಲಿದೆ.

ಆದರೆ ನನ್ನ ಮಾತನ್ನು ತಪ್ಪು ತಿಳಿಯಬೇಡಿ. ವಯಸ್ಸಾದವರು ಊಟ ಬಿಟ್ಟರು ಎಂದ ಮಾತ್ರಕ್ಕೆ ಕೊನೆಗಾಲ ಬಂತೆಂದಲ್ಲ. ಬಾಯಿ ಹುಣ್ಣು, ಮಲಬದ್ಧತೆ, ವಾಕರಿಕೆ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಊಟ ಸೇರುವುದಿಲ್ಲ. ಇವಕ್ಕೆಲ್ಲ ಔಷಧವಿದೆ, ಮೊದಲು ವೈದ್ಯರಿಗೆ ತೋರಿಸಿ. ರೋಗಿ ಕೇಳಿದಾಗ ಒಂದು ತುತ್ತಾದರೂ ಸರಿ, ಅವರು ಇಷ್ಟಪಟ್ಟಿದ್ದನ್ನು, ಕೂರಿಸಿ, ನಿಧಾನವಾಗಿ ಕೊಡಿ. ಇನ್ನು ಸಾಯಬೇಕೆಂದೇ ಅನ್ನ ನೀರು ಬಿಡುವುದಕ್ಕೆ ದೀನ್‌ನಲ್ಲಿ ಅನುಮತಿಯಿಲ್ಲ. ಮೂಗಿನ ನಳಿಕೆ ಹಾಕಿಸಬೇಕೇ, ಹಾಕಿದ್ದನ್ನು ತೆಗೆಸಬಹುದೇ ಎಂಬ ಪ್ರಶ್ನೆ ಬಂದರೆ ವೈದ್ಯರನ್ನೂ ಆಲಿಮರನ್ನೂ ಒಟ್ಟಿಗೆ ಕೇಳಿ. ಬಾಗಿಲ ಬಳಿ ನಿಂತ ನೆಂಟರನ್ನಲ್ಲ.

ಈ ಮಾತುಕತೆಯನ್ನು ಐಸಿಯು ಹೊರಗಿನ ಬೆಂಚಿನ ಮೇಲೆ ಆರಂಭಿಸುವುದಕ್ಕಿಂತ ಅಬ್ಬಾ ಮಾತಾಡುವ ಸ್ಥಿತಿಯಲ್ಲಿದ್ದಾಗಲೇ ಅವರ ಮುಂದೆ ಕುಳಿತು ಕೇಳುವುದು ಮೇಲು. ಅಣ್ಣ ತಮ್ಮಂದಿರು, ಹೆಣ್ಣುಮಕ್ಕಳು, ದೂರದ ದುಬೈಯಲ್ಲಿರುವ ಮಗ, ಎಲ್ಲರೂ ಒಂದೇ ಮಾತನ್ನು ಒಂದೇ ಸಲ ಕೇಳಲಿ. ಇಲ್ಲದಿದ್ದರೆ ಆಮೇಲೆ ಎಲ್ಲರ ದೂರೂ ಪಕ್ಕದಲ್ಲಿದ್ದು ಸೇವೆ ಮಾಡಿದ ಸೊಸೆಯ ಮೇಲೆಯೇ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಸಹಾಯ ಬೇಕಾದವರಿಗೆ ನಮ್ಮ ನಗರದಲ್ಲೇ ದಾರಿಯಿದೆ. ಹೆಬ್ಬಾಳದಿಂದ ಹೊರವರ್ತುಲ ರಸ್ತೆ ಹಿಡಿದು ಹೋದರೆ ಮಾರತ್‌ಹಳ್ಳಿಯ ಕಡೆ ಕರುಣಾಶ್ರಯವಿದೆ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ 1999ರಿಂದ ಹಣ ಪಡೆಯದೆ ನೋಡಿಕೊಳ್ಳುತ್ತಿದ್ದಾರೆ. ಅವರ ತಂಡದವರು ಮನೆಗೂ ಬರುತ್ತಾರೆ.

ರೋಗಿಯನ್ನು ನೋಡಲು ಹೋಗುವುದು ಸುನ್ನತ್. ಹೋದಾಗ ಏನು ತಿಂದರು, ಯಾಕೆ ಡ್ರಿಪ್ ಹಾಕಿಸಿಲ್ಲ ಎಂದು ವಿಚಾರಣೆ ನಡೆಸಬೇಡಿ. ಹತ್ತು ನಿಮಿಷ ಕುಳಿತು, ಮೆಲುದನಿಯಲ್ಲಿ ಕಲಿಮಾ ಹೇಳಿ, ದುಆ ಮಾಡಿ, ರಾತ್ರಿಯೆಲ್ಲಾ ನಿದ್ದೆಗೆಟ್ಟ ಮನೆಯವರಿಗೆ ಒಂದು ಹೊತ್ತಿನ ಊಟ ಕಳುಹಿಸಿ.

ಆ ಸಹೋದರರ ತಂದೆ ಇನ್ನೂ ಹಾಸಿಗೆಯಲ್ಲಿದ್ದಾರೆ. ನಮಾಝ್ ಆದ ಮೇಲೆ ಅವರಿಗಾಗಿ, ನಮ್ಮ ಮೊಹಲ್ಲಾದ ಎಲ್ಲ ರೋಗಿಗಳಿಗಾಗಿ ದುಆ ಮಾಡೋಣ.